ಮದ್ದಕ್ಕ ಒಡೆಯದ ಬಂಡೆ

ಆ ಕಲ್ಲುಗಣಿಯಲ್ಲಿ ಸಿಡಿಮದ್ದು ತುಂಬುವವಳು ಅವಳೊಬ್ಬಳೇ. ಎಲ್ಲರ ಬಾಯಲ್ಲೂ ಮದ್ದಕ್ಕ. ಹೊಸದಾಗಿ ಬಂದ ಲಾರಿ ಡ್ರೈವರ್ ಒಬ್ಬ ಆ ಹೆಸರು ಕೇಳಿ, ಕೆಮ್ಮಿಗೆ ಏನಾದರೂ ಕೊಡಿ ಎಂದು ಅವಳ ಶೆಡ್ಡಿನ ಬಾಗಿಲು ತಟ್ಟಿದ್ದುಂಟು. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಅರ್ಧ ಗುಡ್ಡವನ್ನೇ ಪುಡಿ ಮಾಡಿದ್ದಳು.

ಲಾರಿ ತಿರುಗಿಸಲು ಜಾಗ ಸಾಲದೆಂದು ಮ್ಯಾನೇಜರು ಅಂಚಿನ ಬಂಡೆಯೊಂದನ್ನು ಒಡೆಯಲು ಹೇಳಿದ. ಅದರ ಮೈತುಂಬ ಪಾಚಿಯಂತೆ ಅಂಟಿ ಬೆಳೆಯುವ ಕಿತ್ತಳೆ, ಬೂದು ಬಣ್ಣದ ಕಲ್ಲುಹೂವಿನ ಮಚ್ಚೆಗಳು. ಕೆಲಸಕ್ಕೆ ಸೇರಿದ ವರ್ಷ ಅವಳು ಒಂದು ಮಚ್ಚೆಯ ಅಂಚಿಗೆ ಉಳಿಯಿಂದ ಗೀರು ಹಾಕಿದ್ದಳು. ಮಚ್ಚೆ ಈಗ ಆ ಗೀರನ್ನು ದಾಟಿ ಹೆಬ್ಬೆರಳ ಉಗುರಿನಷ್ಟು ಹರಡಿತ್ತು. ಇಷ್ಟು ವರ್ಷಕ್ಕೆ ಅಷ್ಟೇ.

"ಇದನ್ನ ಒಡೆಯಲ್ಲ" ಎಂದಳು.

"ಯಾಕೆ? ಇದರಿಂದ ಯಾರಿಗೇನು ಉಪಯೋಗ?"

"ಯಾರಿಗೂ ಇಲ್ಲ."

ಮ್ಯಾನೇಜರು ಮೇಲಿನವರಿಗೆ ದೂರು ಬರೆದ.

ಮನೆಯಲ್ಲಿ, ಕಾಲೇಜಿಗೆ ಹೋಗುವ ತಂಗಿಯ ಮಗಳು ತಲೆ ಚಚ್ಚಿಕೊಂಡಳು. "ದೊಡ್ಡಮ್ಮ, ಅದರಲ್ಲಿ ಯಾವುದೋ ಕಾಯಿಲೆಗೆ ಔಷಧ ಇರಬಹುದು ಅಂತ ಹೇಳು. ಆಗ ಕೇಳ್ತಾರೆ."

"ಹುಡುಕಿ ಸಿಗದಿದ್ರೆ? ಆಗ ಒಡೀಬಹುದಾ?"

ಹುಡುಗಿ ಯೋಚಿಸಿದಳು. "ಕಲ್ಲಿಗೇನೂ ಗೊತ್ತಾಗಲ್ವಲ್ಲ."

"ಗೊತ್ತಾಗದವರಿಗೆ ಏನು ಬೇಕಾದ್ರೂ ಮಾಡಬಹುದು ಅಂತ ನಿನ್ನ ಕಾಲೇಜಲ್ಲಿ ಹೇಳಿಕೊಟ್ರಾ?"

ವಿಚಾರಣೆಗೆ ಕರೆದರು. ಉದ್ದ ಮೇಜಿನ ಹಿಂದೆ ಮೂವರು ಸಾಹೇಬರು. ಒಬ್ಬರು ನಕ್ಕರು. "ಅರ್ಧ ಗುಡ್ಡ ಒಡೆದವಳಿಗೆ ಈಗ ಕನಿಕರ ಬಂತಾ?"

"ಆಸ್ಪತ್ರೆ ಗೋಡೆಗೆ ಬೇಕಿತ್ತು, ಒಡೆದೆ. ಸೇತುವೆಗೆ ಬೇಕಿತ್ತು, ಒಡೆದೆ. ಬೇಕು ಅಂತ ಒಡೆದೆ ಸ್ವಾಮಿ, ಬೆಲೆಯಿಲ್ಲ ಅಂತ ಅಲ್ಲ. ಲಾರಿ ಹತ್ತು ಮಾರು ಹಿಂದೆ ಬಂದು ತಿರುಗಿದ್ರೆ ಯಾರ ಗಂಟು ಹೋಗುತ್ತೆ?"

ಅವಳನ್ನು ಅಮಾನತು ಮಾಡಿದರು. ಮರುವಾರ ಹೊರಗಿನವನೊಬ್ಬ ಬಂಡೆಗೆ ಮದ್ದಿಟ್ಟ. ಸದ್ದಿಗೆ ಅವಳ ಅಡುಗೆಮನೆಯ ಪಾತ್ರೆಗಳು ನಡುಗಿದವು. ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಗಣಿಗೆ ನಡೆದಳು. ಚೂರುಗಳನ್ನು ಗುಂಡಿ ತುಂಬಲು ಸುರಿಯುತ್ತಿದ್ದರು. ಅಳುತ್ತಾಳೆಂದು ಕಾದವರಿಗೆ ನಿರಾಸೆಯಾಯಿತು.

"ಮದ್ದು ಜಾಸ್ತಿ ಹಾಕಿದೀಯ" ಎಂದಳು ಹೊಸಬನಿಗೆ. "ಕೆಲಸಾನೂ ಬರಲ್ಲ."

ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸ ವಾಪಸ್ಸು ಎಂದು ಮ್ಯಾನೇಜರು ಕಾಗದ, ಪೆನ್ನು ಮುಂದಿಟ್ಟ. ಅವಳು ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದಳು: "ತಪ್ಪು ನಡೆದಿದೆ, ಮಾಡಿದವಳು ನಾನಲ್ಲ." ಕೆಳಗೆ ಸಹಿ, ತಾರೀಕು.

ಈಗ ಬೇರೊಂದು ಗಣಿಯಲ್ಲಿದ್ದಾಳೆ. ಯಾವ ಬಂಡೆ ತೋರಿಸಿದರೂ ಮೊದಲು "ಏತಕ್ಕೆ?" ಎನ್ನುತ್ತಾಳೆ. ಸರಿಯಾದ ಉತ್ತರ ಬರುವವರೆಗೆ ಮದ್ದಿನ ಪೆಟ್ಟಿಗೆ ತೆರೆಯುವುದಿಲ್ಲ.