ಇಪ್ಪತ್ತೊಂದು ಸಾಲು, ಮೂವತ್ತೈದು ಚುಕ್ಕಿ

ನಮ್ಮಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದವಳು. ಯಾರೂ ಕೇಳದಿದ್ದರೂ ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ. ಗೋಡೆಗೆ ಬಣ್ಣ ಬಳಿಯುವವರು ಅಡಿ ಲೆಕ್ಕ ಕೇಳಿದರೆ, "ನನ್ ಮಗಳ್ನ ಕೇಳಿ ಕಣ್ರೀ, ಲೆಕ್ಕ ನನ್ ತಲೆಗೆ ಹತ್ತಲ್ಲ" ಎಂದು ಒಳಗೆ ಹೋಗಿಬಿಡುತ್ತಾಳೆ. ಮೂರು ಅಂಕದಲ್ಲಿ ಪಾಸು ತಪ್ಪಿತಂತೆ. ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಕಂಡುಹಿಡಿಯಿರಿ ಎಂಬ ಪ್ರಶ್ನೆಯನ್ನು ಪೂರ್ತಿ ಖಾಲಿ ಬಿಟ್ಟು ಎದ್ದು ಬಂದಿದ್ದಳಂತೆ. ಟೀಚರ್ ಆಗಬೇಕೆಂದಿದ್ದವಳು ಕಡಕೊಳದ ಕಾರ್ಖಾನೆಯಲ್ಲಿ ಊದುಬತ್ತಿ ಪ್ಯಾಕ್ ಮಾಡುತ್ತಾ ಇಪ್ಪತ್ತೆರಡು ವರ್ಷ ಕಳೆದಳು. ನಾನು ಅದೇ ಗಣಿತದಲ್ಲಿ ನೂರಕ್ಕೆ ನೂರು ತೆಗೆದವಳು. ಆ ಜಂಬದಲ್ಲಿ ಅವಳನ್ನು ಎಷ್ಟೋ ಸಲ ದಡ್ಡಿ ಎಂದು ರೇಗಿಸಿದ್ದೇನೆ. ಅವಳೂ ನಗುತ್ತಿದ್ದಳು, ಆ ನಗುವನ್ನು ನಾನು ನಂಬಿದ್ದೆ.

ಈಗ ನನ್ನ ಕೆಲಸವೂ ಲೆಕ್ಕದ್ದೇ. ಕುವೆಂಪುನಗರದ ಒಂದು ಸಣ್ಣ ಕಂಪನಿಯವರು ಸಂಖ್ಯೆಗಳ ಲೆಕ್ಕ ಮಾಡುವ ಟೂಲ್ ಒಂದನ್ನು ತಯಾರಿಸಿದ್ದಾರೆ. ಅದನ್ನು ಬಳಸುವವರು ಮನುಷ್ಯರಲ್ಲ, ಎಐ ಏಜೆಂಟುಗಳು; ಒಂದು ಕೆಲಸ ಒಪ್ಪಿಸಿದರೆ ತಾವೇ ದಾರಿ ಹುಡುಕಿಕೊಂಡು ಮುಗಿಸುವ ಪ್ರೋಗ್ರಾಮುಗಳು. ಮಾತಿನಲ್ಲಿ ಮಲ್ಲರು, ಆದರೆ ದೊಡ್ಡ ಸಂಖ್ಯೆ ಎದುರಾದರೆ ಅಂದಾಜಿಗೆ ಏನೋ ಒಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಹಾಗಾಗದಂತೆ, ಯಾವ ಲೆಕ್ಕಕ್ಕೆ ಟೂಲಿನ ಯಾವ ಭಾಗವನ್ನು ಕರೆಯಬೇಕು ಎಂದು ಅವುಗಳಿಗಾಗಿ ಒಂದೊಂದು ಪುಟ ಬರೆಯುವುದು ನನ್ನ ಕೆಲಸ. ಅವು ಓದುವುದು ಆ ಪುಟವನ್ನಷ್ಟೇ.

ಮ.ಸಾ.ಅ.ದ ಪುಟಕ್ಕೆ ಬಂದಾಗ, 'ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆಯನ್ನು ಕೊಡುತ್ತದೆ' ಎಂದು ಬರೆದೆ. ಅದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಪರೀಕ್ಷೆಗೆ ಬಿಟ್ಟರೆ, ಮ.ಸಾ.ಅ. ಎಂದು ಹೆಸರೆತ್ತಿ ಕೇಳಿದಾಗ ಮಾತ್ರ ಏಜೆಂಟು ಟೂಲನ್ನು ಕರೆಯುತ್ತಿತ್ತು. ಎರಡು ಹಗ್ಗಗಳನ್ನು ಚೂರೂ ಉಳಿಯದಂತೆ ಸಮನಾಗಿ ತುಂಡು ಮಾಡಬೇಕು, ತುಂಡು ಹೆಚ್ಚೆಂದರೆ ಎಷ್ಟುದ್ದ ಬರುತ್ತದೆ ಎಂದು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಿತ್ತು.

"ಏನು ಅಂತ ಬರ್ದಿದ್ದೀರಿ, ಸರಿ. ಯಾವಾಗ ಬೇಕಾಗುತ್ತೆ ಅಂತ ಎಲ್ಲಿ ಬರ್ದಿದ್ದೀರಿ?" ಎಂದರು ನಮ್ಮ ಟೀಮಿನ ಹಿರಿಯರು.

ನನಗೆ ಮೈಯೆಲ್ಲ ಉರಿಯಿತು. ಓದುವವರಿಗೆ ಬುದ್ಧಿ ಇಲ್ಲದಿದ್ದರೆ ನಾನೇನು ಮಾಡಲಿ ಎಂದು ಗೊಣಗುತ್ತಾ ಸ್ಕೂಟರ್ ಹತ್ತಿ ಕೆಸರೆಯ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮ ಬಾಗಿಲಿಗೆ ನೀರು ಹಾಕಿ ಎಳೆ ರಂಗೋಲಿ ಬಿಡುತ್ತಿದ್ದಳು. ನಾಲ್ಕು ಸಾಲು, ಸಾಲಿಗೆ ಆರು ಚುಕ್ಕಿ. ಚುಕ್ಕಿಗಳ ಸಂದಿಯಲ್ಲಿ ಓರೆಯಾಗಿ ಎಳೆ ಹಾಯಿಸಿ, ಅಂಚಿಗೆ ಬಂದಾಗ ತಿರುಗಿಸಿ, ಹೊರಟಲ್ಲಿಗೇ ತಂದು ಸೇರಿಸಿದಳು. ಇನ್ನೂ ಅರ್ಧ ಜಾಗ ಖಾಲಿ ಉಳಿದಿತ್ತು.

"ತಪ್ಪೋಯ್ತಲ್ಲಮ್ಮ" ಎಂದೆ.

"ತಪ್ಪೆಲ್ಲಿ ಬಂತು? ನಾಕು-ಆರಕ್ಕೆ ಎರಡೆಳೆ ಬೇಕು ಕಣೇ. ಐದು-ಏಳು ಇಟ್ಟಿದ್ರೆ ಒಂದೇ ಎಳೇಲಿ ಮುಗ್ದೋಗದು."

ಕಾಫಿ ಲೋಟ ಕೆಳಗಿಟ್ಟೆ. ನಾಲ್ಕು ಮತ್ತು ಆರಕ್ಕೆ ಎರಡು, ಐದು ಮತ್ತು ಏಳಕ್ಕೆ ಒಂದು.

"ಹನ್ನೆರಡು-ಹದಿನೆಂಟಕ್ಕೆ?"

"ಆರು" ಎಂದಳು, ತಲೆ ಎತ್ತದೆ.

"ಇಪ್ಪತ್ತೊಂದು ಸಾಲು, ಮೂವತ್ತೈದು ಚುಕ್ಕಿ?"

ಅಷ್ಟು ದೊಡ್ಡ ರಂಗೋಲಿಗೆ ನಮ್ಮ ಬೀದಿಯಲ್ಲಿ ಜಾಗವೇ ಇಲ್ಲ. ಅಮ್ಮ ಪುಡಿ ಹಿಡಿದ ಚಿಟಿಕೆಯನ್ನು ಗಾಳಿಯಲ್ಲೇ ನಿಲ್ಲಿಸಿ ತುಟಿ ಅಲ್ಲಾಡಿಸಿದಳು. "ಏಳು."

"ಹೆಂಗಮ್ಮ ಗೊತ್ತಾಯ್ತು?"

"ಚೌಕ ತೆಗ್ದಾಕ್ತಾ ಹೋಗದು. ಮೂವತ್ತೈದ್ರಲ್ಲಿ ಇಪ್ಪತ್ತೊಂದು ತೆಗುದ್ರೆ ಹದ್ನಾಕು. ಇಪ್ಪತ್ತೊಂದ್ರಲ್ಲಿ ಹದ್ನಾಕು ತೆಗಿ, ಏಳು. ಹದ್ನಾಕ್ರಲ್ಲಿ ಏಳು ತೆಗಿ, ಏಳೇ ಮಿಕ್ತು. ಎರಡು ಕಡೇನೂ ಸಮ ಆಯ್ತಲ್ಲ, ಅಷ್ಟೆಳೆ. ನಮ್ಮಜ್ಜಿ ಹೇಳ್ಕೊಟ್ಟಿದ್ದು, ಬುಡು."

ನಮ್ಮ ಟೂಲಿನ ಹೊಟ್ಟೆಯೊಳಗೆ ನಡೆಯುವ ಲೆಕ್ಕ ಇದೇ. ಗಣಿತ ಕಲಿತವರು ಸಾವಿರಾರು ವರ್ಷಗಳಿಂದ ಕೈದಾಟಿಸಿಕೊಂಡು ಬಂದದ್ದು, ನಾನು ಕಾಲೇಜಿನಲ್ಲಿ ಉರು ಹೊಡೆದದ್ದು. ಅದು ನಮ್ಮ ಬಾಗಿಲಲ್ಲಿ ದಿನಾ ಬಿದ್ದಿರುತ್ತಿತ್ತು, ಅವಸರದಲ್ಲಿ ಎಷ್ಟೋ ದಿನ ಅದರ ಮೇಲೇ ಸ್ಕೂಟರ್ ಹಾಯಿಸಿಕೊಂಡು ಹೋಗಿದ್ದೇನೆ.

ಆಫೀಸಿಗೆ ಹೋದವಳೇ ಪುಟವನ್ನು ತಿದ್ದಿದೆ. ಎರಡು ಅಳತೆಗಳನ್ನು ಉಳಿಕೆಯಿಲ್ಲದೆ ಸಮನಾಗಿ ಕತ್ತರಿಸಬೇಕಾದಾಗ, ಇಷ್ಟು ಸಾಲು ಇಷ್ಟು ಚುಕ್ಕಿಗೆ ಎಷ್ಟು ಎಳೆ ಬೇಕು ಎಂದು ತಿಳಿಯಬೇಕಾದಾಗ, ಇದನ್ನು ಕರೆಯಿರಿ ಎಂದು ಬರೆದು, ಅಮ್ಮನ ಇಪ್ಪತ್ತೊಂದು ಮೂವತ್ತೈದನ್ನೇ ಉದಾಹರಣೆ ಕೊಟ್ಟೆ. ಮತ್ತೆ ಅದೇ ಹಗ್ಗದ ಪ್ರಶ್ನೆ ಕೇಳಿದೆವು. ಈ ಸಲ ಏಜೆಂಟು ಅಂದಾಜು ಹೇಳಲಿಲ್ಲ, ಸೀದಾ ಟೂಲನ್ನು ಕರೆದು ಸರಿಯುತ್ತರ ತಂದಿತು. ಕೈಯಿಲ್ಲದ, ಬಾಗಿಲಿಲ್ಲದ, ರಂಗೋಲಿ ಪುಡಿಯನ್ನು ಕಂಡೇ ಇರದ ಅದಕ್ಕೆ ನಮ್ಮಮ್ಮನ ಮಾತು ಅರ್ಥವಾಗಿತ್ತು.

ಸಂಜೆ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

"ಯಾವ ಲೆಕ್ಕ ಅದು?" ಎಂದಳು.

"ಮ.ಸಾ.ಅ."

ಅವಳ ಕೈ ನಿಂತಿತು. "ಅದೂ ಇದೂ ಒಂದೇಯಾ?"

"ಒಂದೇ ಕಣಮ್ಮ."

ಇನ್ನೊಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. ದಡ್ಡಿ ಎಂದದ್ದೆಲ್ಲ ನೆನಪಾಗಿ ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಆಮೇಲೆ ಅಮ್ಮ, ನನಗಲ್ಲ ಎಂಬಂತೆ, ಮೊರದಲ್ಲಿದ್ದ ಕಾಳುಗಳಿಗೆ ಹೇಳಿದಳು: "ಎಷ್ಟೆಳೆ ಬೇಕು ಅಂತ ಕೇಳಿದ್ದಿದ್ರೆ, ಬರ್ದುಬುಡ್ತಿದ್ನಲ್ಲ."