ಅಂಬಿಗ ಕಾಕಾನ ಕಣ್ಣು

ಹೋದ ತಿಂಗಳು ಆಳಂದದ ನಮ್ಮ ಓಣಿಯ ರಸ್ತೆಗೆ ಡಾಂಬರು ಹಾಕಿದರು. ಪೀಪಾಯಿಯಲ್ಲಿ ಅದು ಕುದಿಯುವ ವಾಸನೆ ಮನೆಯೊಳಗೆಲ್ಲ ತುಂಬಿತು. ಮೊಮ್ಮಗಳು ಮೂಗು ಹಿಡಿದುಕೊಂಡು ಕಿಟಕಿ ಮುಚ್ಚಲು ಬಂದಳು. ಇರಲಿ ಬಿಡು ಎಂದೆ. ಅವಳಿಗೆ ಅದು ರಸ್ತೆಯ ವಾಸನೆ, ನನಗೆ ಹರಿಗೋಲಿನದು. ಮಣ್ಣೂರಿನ ಭೀಮಾ ದಂಡೆಯ ಮೇಲೆ ದೊಡ್ಡ ಬುಟ್ಟಿಯಂತಹ ಹರಿಗೋಲನ್ನು ಬೋರಲು ಹಾಕಿ, ಅದರ ಬೆನ್ನಿಗೆ ಬಿಸಿ ಡಾಂಬರು ಬಳಿಯುತ್ತ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಅವನ ಉಗುರಿನ ಕಪ್ಪು ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ...

ಊರೆಲ್ಲ ಅವನನ್ನು ಅಂಬಿಗ ಕಾಕಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಆಗ ನಾನು ಮಣ್ಣೂರಿನಲ್ಲಿ ನೀರಾವರಿ ಇಲಾಖೆಯ ದಿನಗೂಲಿಯ ಮೇಲಿದ್ದೆ. ಮೆಟ್ರಿಕ್ ಪಾಸಾಗಿದ್ದೆನೆಂದು ಆ ಕೆಲಸ ಸಿಕ್ಕಿತ್ತು. ದಂಡೆಯಲ್ಲಿ ಅಡಿ, ಇಂಚುಗಳ ಗುರುತು ಹಾಕಿದ ಒಂದು ಕಂಬವಿತ್ತು. ದಿನಕ್ಕೆ ಮೂರು ಸಲ ಹೊಳೆಯ ಮಟ್ಟ ನೋಡಿ ಬುಕ್ಕಿನಲ್ಲಿ ಬರೆಯಬೇಕು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಫೋನಿನಲ್ಲಿ ಬಂದರೆ ಅಂಬಿಗರಿಗೆ, ದಂಡೆಯ ಜನಕ್ಕೆ ಹೇಳಬೇಕು. ನನ್ನ ಕೆಲಸ ಇಷ್ಟೇ. ಕಂಕುಳಲ್ಲಿ ಸದಾ ಬುಕ್ಕು ಇರುತ್ತಿದ್ದುದರಿಂದ ಕಾಕಾ ನನ್ನನ್ನು 'ಬುಕ್ಕಿನ ಸಾಹೇಬ್ರ' ಎಂದು ಕಾಡಿಸುತ್ತಿದ್ದ.

ಕಾಕಾನ ಕೆಲಸ ಬೇರೆಯೇ ತರಹದ್ದು. ಉಳಿದ ಅಂಬಿಗರು ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು, ಬಲೆ ಬೀಸುತ್ತಿದ್ದರು. ಇವನು ಗಾಳದ ಶೋಕಿಯವರನ್ನು ಹೊಳೆಗೆ ಕರೆದೊಯ್ಯುತ್ತಿದ್ದ. ಕಲಬುರಗಿಯಿಂದ, ಸೊಲ್ಲಾಪುರದಿಂದ ದೊಡ್ಡ ಮಂದಿ ಚಕ್ರವಿರುವ ಗಾಳದ ಕೋಲು ಹಿಡಿದು ಜೀಪಿನಲ್ಲಿ ಬರುತ್ತಿದ್ದರು. ಯಾವ ಮಡುವಿನಲ್ಲಿ ಬಾಳೆ ಮೀನು ಮಲಗಿರುತ್ತದೆ, ಯಾವ ಬಂಡೆಯ ಸಂದಿಯಿಂದ ಯಾವ ಹೊತ್ತಿಗೆ ಹೊರಬರುತ್ತದೆ ಎಂದು ತೋರಿಸುವವನು ಇವನು. ಬಾಳೆ ಮೀನು ಆಳುದ್ದ ಬೆಳೆಯುತ್ತದೆ, ಬಾಯಲ್ಲಿ ಗರಗಸದಂತಹ ಹಲ್ಲು. ಬಂದವರ ಗಾಳಕ್ಕೆ ದಿನವಿಡೀ ಏನೂ ಬೀಳದಿದ್ದರೆ ಕಾಕಾ ಗಂಭೀರವಾಗಿ ಹೇಳುತ್ತಿದ್ದ: "ನಿಮ್ಮ ತಪ್ಪಿಲ್ರಿ ಸಾಹೇಬ್ರ. ಇವತ್ತು ಮೀನಿಗೂ ಸೂಟಿ ಇರಬೇಕು."

ಅವನದೊಂದು ಪದ್ಧತಿ ಇತ್ತು. ನಡುಹೊಳೆಯ ಬಂಡೆಗೆ ಇಳಿದ ಕೂಡಲೇ ಮುಷ್ಟಿಗಾತ್ರದ ಬಿಳಿ ಕಲ್ಲೊಂದನ್ನು ಹುಡುಕಿ, ನೀರಿನ ಅಂಚಿನಿಂದ ಒಂದು ಗೇಣು ಮೇಲೆ ಇಡುತ್ತಿದ್ದ. ಆ ಕಲ್ಲಿಗೆ ನೀರು ಮುಟ್ಟಿತೆಂದರೆ ಯಾರೇ ಇರಲಿ, ಎದ್ದು ಹರಿಗೋಲು ಹತ್ತಲೇಬೇಕು. "ಗಾಳಕ್ಕ ಮೀನೇ ಇರ್ಲಿ, ಮೊಸಳಿನೇ ಇರ್ಲಿ, ಕಲ್ಲು ತೊಯ್ತಂದ್ರ ಮುಗೀತು" ಎನ್ನುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದನಂತೆ. ನಾನು ನಗುತ್ತಿದ್ದೆ. ನನ್ನ ಹತ್ತಿರ ಕಂಬವಿತ್ತು, ಬುಕ್ಕಿತ್ತು, ಫೋನಿತ್ತು...

ಆ ದಿನ ಬಂದಿದ್ದವರು ನಮ್ಮದೇ ಇಲಾಖೆಯ ಮೇಲಧಿಕಾರಿ. ಮೂರು ವರ್ಷದಿಂದ ನಾನು ಕೆಲಸ ಖಾಯಂ ಆಗಲೆಂದು ಕಾಯುತ್ತಿದ್ದೆ. ಅದಕ್ಕೆ ಬೇಕಾಗಿದ್ದುದು ಅವರ ಒಂದು ಸಹಿ. ನಾಲ್ಕು ದಿನ ಮೊದಲೇ ಕಾಕಾನಿಗೆ ಹೇಳಿ ಇಟ್ಟಿದ್ದೆ. ಬೆಳಿಗ್ಗೆ ಜೀಪು ದಂಡೆಗೆ ಬಂದು ನಿಂತಾಗಲೇ ಆಫೀಸಿನ ಫೋನು ಬಡಿಯಿತು. ಮೇಲೆ ಮಳೆ ಜೋರಾಗಿದೆ, ರಾತ್ರಿಯೇ ನೀರು ಬಿಟ್ಟಿದ್ದೇವೆ, ಮಧ್ಯಾಹ್ನದೊಳಗೆ ಮಣ್ಣೂರಿಗೆ ಬರುತ್ತದೆ ಎಂದರು. ನಾನು ಹೂಂ ಎಂದು ಫೋನು ಇಟ್ಟೆ. ಹೊರಗೆ ಬಿಸಿಲು ಚೆನ್ನಾಗಿತ್ತು. ಸಾಹೇಬರು ಗಾಳದ ಕೋಲು ಜೋಡಿಸುತ್ತ ಸಿಳ್ಳೆ ಹಾಕುತ್ತಿದ್ದರು. ಈಗ ಹೇಳಿದರೆ ಮುಖ ಗಂಟಿಕ್ಕಿಕೊಂಡು ವಾಪಸು ಹೋಗುತ್ತಾರೆ, ಮತ್ತೆ ಯಾವಾಗ ಬರುತ್ತಾರೋ. ಬಿಟ್ಟ ನೀರು ಹೇಳಿದ ಹೊತ್ತಿಗೆ ಎಂದಾದರೂ ಬಂದಿದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಾಕಾ ಎಂದಿನಂತೆ ಕೇಳಿದ: "ಬುಕ್ಕಿನ ಸಾಹೇಬ್ರ, ಮ್ಯಾಲಿಂದ ಸುದ್ದಿ ಏನರ ಬಂದದೇನ್ರಿ?"

"ಏನಿಲ್ಲ ಕಾಕಾ, ನಡಿ."

ಮೂವರೂ ನಡುಹೊಳೆಯ ಬಂಡೆಗೆ ಇಳಿದೆವು, ಕಾಕಾ ತನ್ನ ಬಿಳಿ ಕಲ್ಲು ಇಟ್ಟ. ಹನ್ನೊಂದರ ಸುಮಾರಿಗೆ ಸಾಹೇಬರ ಗಾಳಕ್ಕೆ ದೊಡ್ಡ ಬಾಳೆ ಮೀನು ಬಿತ್ತು. ಕೋಲು ಬಿಲ್ಲಿನಂತೆ ಬಾಗಿತು, ಚಕ್ರ ಕಿರುಚತೊಡಗಿತು. ಕಾಕಾ ಅವರ ಮಗ್ಗುಲಲ್ಲಿ ನಿಂತು ಕೂಗುತ್ತಿದ್ದ: "ಬಿಡ್ರಿ, ದಾರ ಬಿಡ್ರಿ! ಓಡ್ಲಿ ಮಗ, ಓಡಿ ಎಲ್ಲಿ ಹೋಗ್ತಾನ, ಮಾವನ ಮನಿಗೇನ್ರಿ?" ಸಾಹೇಬರು ಚಿಕ್ಕ ಮಗುವಿನಂತೆ ನಗುತ್ತಿದ್ದರು. ಕಾಕಾ ತಿರುಗದೆಯೇ ನನಗೆ ಹೇಳಿದ, "ಬುಕ್ಕಿನ ಸಾಹೇಬ್ರ, ಕಲ್ಲು ಸ್ವಲ್ಪ ನೋಡ್ರಿ."

ನೋಡಿದೆ. ನೀರು ಕಲ್ಲಿನ ಬುಡವನ್ನು ನೆಕ್ಕುತ್ತಿತ್ತು.

ಇದನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ನಾನು ಕಾಲಿನಿಂದ ಆ ಕಲ್ಲನ್ನು ಒಂದು ಗೇಣು ಮೇಲಕ್ಕೆ ಸರಿಸಿದೆ. "ಒಣಗೇ ಅದ ಕಾಕಾ" ಎಂದೆ. ಆಮೇಲೆ ಅವನೂ ಒಮ್ಮೆ ಹಿಂದಿರುಗಿ ನೋಡಿದ. ಕಲ್ಲು ಒಣಗೇ ಇತ್ತು. ಹುಬ್ಬು ಗಂಟಿಕ್ಕಿ, "ನೀರಿನ ಸಪ್ಪಳ ಬ್ಯಾರೆ ಕೇಳಾಕತ್ತದಲ್ಲ..." ಎಂದ. ಸಾಹೇಬರು ಬೈದರು: "ಏ, ಸುಮ್ನಿರೋ, ಮೀನು ಕಡೆ ನೋಡು!" ಸ್ವಲ್ಪ ಹೊತ್ತಿಗೆ ಕಲ್ಲಿನ ಹತ್ತಿರ ಮತ್ತೆ ನೀರು ಬಂತು. ನಾನು ಎರಡನೆಯ ಸಲವೂ ಸರಿಸಿದೆ.

ಮೀನು ದಾರ ಹರಿದುಕೊಂಡು ಹೋಯಿತು. ಅಯ್ಯೋ ಎಂದು ತಿರುಗಿದರೆ, ಬಂಡೆಯ ಕೆಳಬದಿಗೆ ಎಳೆದಿಟ್ಟಿದ್ದ ಹರಿಗೋಲು ಇರಲಿಲ್ಲ. ಅದು ಆಗಲೇ ಬುಗುರಿಯಂತೆ ತಿರುಗುತ್ತ ದೂರ ತೇಲಿಹೋಗುತ್ತಿತ್ತು. ನೀರು ಎರಡೂ ಕಡೆಯಿಂದ ಕೆಂಪಗೆ ಏರುತ್ತಿತ್ತು. ನೋಡನೋಡುತ್ತ ಬಂಡೆ ಹೊರಸಿನಷ್ಟಾಯಿತು, ಆಮೇಲೆ ಮಣೆಯಷ್ಟಾಯಿತು. ಆ ಸೆಳವಿನಲ್ಲಿ ಈಜುವ ಮಾತೇ ಇರಲಿಲ್ಲ.

ಕಾಕಾ ನೀರು ಬರುವ ದಿಕ್ಕಿಗೆ ಎದೆಯೊಡ್ಡಿ ನಿಂತ. ಅವನ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಸಾಹೇಬರು. "ಒಬ್ರ ಸೊಂಟ ಒಬ್ರು ಗಟ್ಟಿ ಹಿಡೀರಿ. ನೀರು ನೋಡಬ್ಯಾಡ್ರಿ, ದಂಡಿ ನೋಡ್ರಿ" ಎಂದ. ನೀರು ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ತೇಲಿ ಬಂದ ಮುಳ್ಳುಕಂಟಿ, ಕಟ್ಟಿಗೆ ಎಲ್ಲ ಅವನ ಎದೆಗೇ ಬಡಿಯುತ್ತಿತ್ತು. ಸಾಹೇಬರು ಹಿಂದೆ ಅಳುತ್ತಿದ್ದರು. ನನ್ನ ಬಾಯಿ ಕಾಕಾನ ಕಿವಿಯ ಹತ್ತಿರವೇ ಇತ್ತು. ಅವನು ತನ್ನಷ್ಟಕ್ಕೆ ಒಂದೇ ಮಾತು ಹೇಳುತ್ತಿದ್ದ: "ಕಲ್ಲು ಒಣಗಿತ್ತಲ್ಲ... ನಾನ ನೋಡೀನಲ್ಲ... ಒಣಗಿತ್ತಲ್ಲ..."

ಅಲ್ಲಿಯೇ, ಆಗಲೇ ಹೇಳಬಹುದಿತ್ತು. ಎರಡು ತಾಸು ಅವನ ಸೊಂಟ ಹಿಡಿದು ನಿಂತಿದ್ದೆ. ಹೇಳಲಿಲ್ಲ.

ಉಳಿದ ಅಂಬಿಗರು ಹಗ್ಗ ಕಟ್ಟಿದ ಹರಿಗೋಲು ಬಿಟ್ಟು ನಮ್ಮನ್ನು ದಂಡೆಗೆ ತಂದರು. ಊರೆಲ್ಲ ಸೇರಿತ್ತು. ಜೀವ ಉಳಿದ ಕೂಡಲೇ ಸಾಹೇಬರ ಸಿಟ್ಟು ನೆತ್ತಿಗೇರಿತು. ಎಲ್ಲರ ಮುಂದೆ, "ಈ ಕುರುಡನ ಕೈಯಾಗ ಜೀವ ಕೊಟ್ಟಿದ್ದೆನಲ್ಲ!" ಎಂದು ಕೂಗಿದರು. ಕಾಕಾ ಎದೆಯ ತುಂಬ ಮುಳ್ಳಿನ ಗೀರು ಹೊತ್ತು ಕೈ ಮುಗಿದು ನಿಂತಿದ್ದ. "ಖರೆ ಅದರಿ. ನನ್ನ ಕಣ್ಣ ಕೆಟ್ಟಾವ್ರಿ" ಎಂದ. ನಾನು ಅವನ ಪಕ್ಕದಲ್ಲೇ ಇದ್ದೆ. ಯಾರೋ ನನಗೆ ಒಣ ಟವೆಲ್ಲು ಕೊಟ್ಟರು. ತಲೆ ಒರೆಸಿಕೊಂಡೆ.

ವಿಚಾರಣೆ ಆಗಲಿಲ್ಲ. ಕೆಲಸದ ಹೊತ್ತಿನಲ್ಲಿ ಗಾಳ ಹಾಕಲು ಹೋದ ಮಾತು ಹೊರಗೆ ಬರುವುದು ಸಾಹೇಬರಿಗೂ ಬೇಕಿರಲಿಲ್ಲ. ದೀಪಾವಳಿಯ ಹೊತ್ತಿಗೆ ನಾನು ಖಾಯಂ ಆದೆ.

ಕಾಕಾ ಮತ್ತೆ ಹರಿಗೋಲು ಕಟ್ಟಲಿಲ್ಲ. ತಮ್ಮದೊಂದು ಕೊಡುತ್ತೇವೆಂದು ಉಳಿದ ಅಂಬಿಗರು ಹೇಳಿದರು. "ಕಲ್ಲು ತೊಯ್ದದ್ದು ಕಾಣದವ ಮಂದಿನ ಹ್ಯಾಂಗ ಕೂಡಿಸ್ಕೊಳ್ಳಲಿ?" ಎಂದನಂತೆ. ಊರಿನ ಬಾಯಲ್ಲಿ ಅವನು ಕಣ್ಣು ಕಾಣದ ಅಂಬಿಗನಾದ. ಮರುವರ್ಷ ಹೊಳೆಯನ್ನೇ ಬಿಟ್ಟು, ಜೇವರ್ಗಿ ತಾಲ್ಲೂಕಿನ ಕೊಳಕೂರಿಗೆ, ಮಗಳ ಮನೆಗೆ ಹೋದ. ಅಲ್ಲಿ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಾನೆಂದು ಕೇಳಿದೆ. ನನಗೂ ವರ್ಗವಾಯಿತು. ಎಷ್ಟೋ ಸಲ ಹೋಗಿ ಹೇಳಬೇಕೆಂದು ಹೊರಟಿದ್ದೇನೆ. ಒಮ್ಮೆ ಜೇವರ್ಗಿ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಒಂದು ಚಹಾ ಕುಡಿದು, ಬಂದ ಬಸ್ಸಿಗೇ ತಿರುಗಿ ಹತ್ತಿದ್ದೆ...

ಡಾಂಬರು ಹಾಕಿದ ಮೂರನೆಯ ದಿನ ಕೊಳಕೂರಿಗೆ ಹೋದೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು, ಈಗ ಅವಳಿಗೂ ತಲೆ ನೆರೆತಿದೆ, ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿದಳು. ಅಪ್ಪನ ಹಳೆಯ ಪರಿಚಯದವರೆಂದು ಖುಷಿಯಿಂದ ಮಾತಾಡಿದಳು.

"ಅಪ್ಪ ಒಬ್ಬನೇ ರಸ್ತಾ ದಾಟ್ತಿರ್ಲಿಲ್ರಿ. ನನ್ನ ಮಕ್ಕಳನ್ನ ಎತ್ಕೊಂಡು ಹೊಸ್ತಿಲಾ ದಾಟಿದವನಲ್ಲ. ಕಣ್ಣಿಂದು ಭರೋಸಾ ಇಲ್ಲ ಅಂತಿದ್ದ. ಒಮ್ಮೆ ಇಲ್ಲಿ ಕಣ್ಣಿನ ಡಾಕ್ಟರು ಬಂದಿದ್ರು. ನೋಡಿ, ಅಜ್ಜಾ ನಿನ್ನ ಕಣ್ಣು ಹದ್ದಿನ ಕಣ್ಣು ಅದಾವ ಅಂದ್ರು. ಇವ ನಂಬಬೇಕಲ್ಲ! ಆ ಡಾಕ್ಟರ್ ಇನ್ನಾ ಸಣ್ಣಾಂವ, ಅವಂಗೇನ್ ತಿಳೀತದ ಅಂದ" ಎಂದು ನಕ್ಕಳು.

ಆಗ ಹೇಳಿದೆ. ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಚಹಾಕ್ಕೆಂದು ಕೈಯಲ್ಲಿ ಹಿಡಿದಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ನನಗ್ಯಾಕ ಹೇಳಾಕತ್ತೀರಿ? ನಾ ಎಂದೂ ನಮ್ಮಪ್ಪಗ ಕುರುಡ ಅಂದಿಲ್ಲ. ಅಂದದ್ದು ಮಣ್ಣೂರ ಮಂದಿ. ಅಲ್ಲಿ ಹೋಗಿ ಹೇಳ್ರಿ. ಊರಿಗೆ ಹೇಳಿ ಬರ್ರಿ, ಆವಾಗ ನಿಮಗ ಚಹಾ ಮಾಡ್ತೇನಿ."

ಮರುದಿನವೇ ಮಣ್ಣೂರಿಗೆ ಹೋದೆ. ಅಂದು ದಂಡೆಯಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಈಗಿಲ್ಲ. ಅಂಬಿಗರ ಓಣಿಯ ಹುಡುಗರು "ಯಾವ ಕಾಕಾರಿ?" ಎಂದರು. ಹೋಟೆಲ್ಲಿನ ಮುಂದೆ ನನ್ನ ವಯಸ್ಸಿನವನೊಬ್ಬ ಕೂತಿದ್ದ. ಸ್ವಲ್ಪ ಯೋಚಿಸಿ, "ಓ, ಆ ಕಣ್ಣು ಕಾಣದ ಅಂಬಿಗ ಏನು?" ಎಂದ. ಅಷ್ಟು ವರ್ಷ ಆ ಹೊಳೆಯ ಮಡು ಮಡುವನ್ನೂ ಬಲ್ಲವನಾಗಿದ್ದ ಮನುಷ್ಯನ ಬಗ್ಗೆ ಊರಿನಲ್ಲಿ ಉಳಿದಿರುವುದು ಇದೊಂದೇ ಮಾತು.

"ಅವನ ಕಣ್ಣು ಕಾಣ್ತಿದ್ದವು. ಮೋಸ ಮಾಡಿದವ ನಾನು" ಎಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ನನ್ನ ಮುಖ ನೋಡಿದ, ಹೊಳೆಯ ಕಡೆ ನೋಡಿದ. "ಬಾಳ ತಡಾ ಮಾಡ್ದಿ" ಎಂದು ಎದ್ದುಹೋದ.

ಕೊಳಕೂರಿಗೆ ಮತ್ತೆ ಹೋಗಿಲ್ಲ. ಒಬ್ಬನಿಗೆ ಹೇಳಿ, ಊರಿಗೆ ಹೇಳಿ ಬಂದೆ ಎಂದು ಆ ಹೆಣ್ಣುಮಗಳ ಮುಂದೆ ಹೇಗೆ ಹೋಗಿ ಕೂರಲಿ?