ಮೂರನೇ ಷರತ್ತು

ಮದುವೆ ಊಟಕ್ಕೆ ಕೂತರೆ ನನಗೆ ಈಗಲೂ ನೆಮ್ಮದಿಯಿಲ್ಲ. ಕಣ್ಣು ಎಲೆಯ ಮೇಲಿದ್ದರೂ ಕಿವಿಯೆಲ್ಲ ಹಿತ್ತಲ ಬಾಗಿಲ ಕಡೆಗೇ. ಪಕ್ಕದವರು ಅರ್ಧ ಕಚ್ಚಿದ ಲಾಡು ಬಿಟ್ಟು ಎಲೆ ಮಡಚಿದರೆ ಮೈ ಉರಿಯುತ್ತದೆ. ಒಂದೆರಡು ಸಲ ಬೈದೂ ಬಿಟ್ಟಿದ್ದೇನೆ. ಅದಕ್ಕೇ ಹೆಂಡತಿ ನನ್ನನ್ನು ಪಂಕ್ತಿಯ ಕೊನೆಯಲ್ಲಿ, ಗೋಡೆ ಪಕ್ಕಕ್ಕೆ ಕೂರಿಸುತ್ತಾಳೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕರಲ್ಲಿ ಒಂದೂರಿನ ಪುರಸಭೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಊರೆಂದು ಹೇಳುವುದಿಲ್ಲ, ನನ್ನ ತಪ್ಪನ್ನು ಊರಿನ ತಲೆಗೆ ಕಟ್ಟುವುದು ಬೇಡ. ಅದೇ ಪುರಸಭೆಯಲ್ಲಿ ನನ್ನಮ್ಮ ಬೀದಿ ಗುಡಿಸುತ್ತಿದ್ದಳು.

ತೊಂಬತ್ತರ ಆಚೀಚೆ, ರೇಷ್ಮೆಯ ದುಡ್ಡು ಓಡಾಡುತ್ತಿದ್ದ ಕಾಲ. ಕಲ್ಯಾಣ ಮಂಟಪಗಳು ಒಂದರ ಹಿಂದೊಂದು ಎದ್ದಿದ್ದವು. ಮುನ್ನೂರು ಜನಕ್ಕೆ ಐನೂರು ಜನರ ಅಡುಗೆ ಮಾಡಿಸುವುದೇ ದೊಡ್ಡಸ್ತಿಕೆ. ಮುಹೂರ್ತದ ಊಟವಾದ ಮೇಲೆ ಕೊಳಗದಲ್ಲಿ ಉಳಿದದ್ದು ಆ ಬೀದಿ ಗುಡಿಸುವವರಿಗೆ ಎಂಬುದು ವಾಡಿಕೆ. ಎಂಜಲಲ್ಲ, ಯಾರೂ ಮುಟ್ಟದ ಅನ್ನ. ಅಮ್ಮ ಹಿತ್ತಲ ಬಾಗಿಲಲ್ಲಿ ಅಲ್ಯೂಮಿನಿಯಂ ಡಬರಿ ಹಿಡಿದು ನಿಲ್ಲುತ್ತಿದ್ದಳು. ತಂದದ್ದನ್ನು ಓಣಿಯ ಏಳು ಮನೆಗೆ ಹಂಚಿ, ಮಿಕ್ಕ ಅನ್ನಕ್ಕೆ ಜೀರಿಗೆ, ಹಸಿಮೆಣಸಿನಕಾಯಿ ಅರೆದು ಹಾಕಿ ಮಾರನೇ ದಿನ ಸಂಡಿಗೆ ಇಡುತ್ತಿದ್ದಳು. ನಾನು ಅದನ್ನೇ ತಿಂದು ಎಸ್ಸೆಸ್ಸೆಲ್ಸಿ ಪಾಸಾದವನು. ನೌಕರಿ ಸಿಕ್ಕಿದ ಮೇಲೆ ಮುಟ್ಟುವುದನ್ನು ಬಿಟ್ಟೆ.

ಒಮ್ಮೆ ಆಫೀಸಿನವರೊಬ್ಬರ ಮಗಳ ಮದುವೆ. ಊಟದ ಮಧ್ಯೆ ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಅಮ್ಮ. ಪಕ್ಕದಲ್ಲಿ ಕೂತಿದ್ದ ಟೈಪಿಸ್ಟ್, "ಅವ್ರು ನಿಮ್ಮ ತಾಯಿ ಅಲ್ವೇನ್ರೀ?" ಎಂದು ಕೇಳಿದರು. ಕುಹಕವೇನೂ ಇರಲಿಲ್ಲ. "ಸಾರು ಚೆನ್ನಾಗಿದೆ, ಹಾಕಿಸ್ಕೊಳ್ಳಿ" ಎಂದು ಮಾತು ಮರೆಸಿದೆ. ಆಮೇಲೆ ಮೇಲೇಳುವ ತನಕ ತಲೆ ಎತ್ತಲಿಲ್ಲ.

ಆ ವರ್ಷವೇ ಮಂಟಪಗಳ ಲೈಸೆನ್ಸ್ ಹೊಸದು ಮಾಡುವ ಹೊತ್ತಿಗೆ ಮುಖ್ಯಾಧಿಕಾರಿಗಳು ನನ್ನನ್ನು ಕರೆದರು. ಎಂಜಲೆಲೆ, ಎಲೆಯಲ್ಲಿ ಬಿಟ್ಟ ಅನ್ನ ಎಲ್ಲ ಮೋರಿಗೆ ಬಿದ್ದು ಮೋರಿ ಕಟ್ಟಿಕೊಳ್ಳುತ್ತಿತ್ತು. "ಊಟ ಹಾಳಾಗದ ಹಾಗೆ ಏನಾದ್ರೂ ಷರತ್ತು ಹಾಕ್ರೀ" ಅಂದರು. ಎಲೆಗೆ ಬೇರೆ ಗುಂಡಿ ತೋಡಬೇಕು, ಮೋರಿಗೆ ಏನೂ ಸುರಿಯಬಾರದು ಎಂದು ಎರಡು ಬರೆದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಉಳಿದ ಅಡುಗೆಯನ್ನು ಯಾರಿಗೂ ಕೊಡದೆ ಅಂದೇ ಹೂಳತಕ್ಕದ್ದು ಎಂದು ಮೂರನೆಯದನ್ನೂ ಸೇರಿಸಿದೆ. ಕಾರಣಕ್ಕೆ ಕಾಯಿಲೆ ಕಸಾಲೆಯ ಮಾತು ಬರೆದೆ. ನಿಜವಾದ ಕಾರಣ ನನ್ನ ನಾಚಿಕೆ. ಸಾಹೇಬರು ಸಹಿ ಹಾಕಿದರು.

ಮುಂದಿನ ಲಗ್ನದ ದಿನ ಮಧ್ಯಾಹ್ನ ಅಮ್ಮ ಖಾಲಿ ಡಬರಿ ಹಿಡಿದು ಬಂದಳು. ಉಗುರಿನ ಸಂದಿಯಲ್ಲೆಲ್ಲ ಮಣ್ಣು.

"ಒಂದು ಕೊಳಗ ಬಿಸಿಬೇಳೆಬಾತು ಕಣಪ್ಪ, ಇನ್ನೂ ಹಬೆ ಆಡ್ತಿತ್ತು. ನಮ್ ಕೈಲೇ ಗುಂಡಿಗೆ ಸುರಿಸಿದ್ರು. ಮಣ್ಣೂ ನಮ್ ಕೈಲೇ ಎಳೆಸಿದ್ರು."

ನಾನು ಚಪ್ಪಲಿ ಹುಡುಕತೊಡಗಿದೆ.

"ರೂಲ್ಸಂತೆ. ಯಾರಪ್ಪ ಬರ್ದೋನು?"

"ಮೇಲಿಂದ ಬಂದಿರೋ ಆರ್ಡರ್ರು ಅಮ್ಮ" ಎಂದು ಹೊರಗೆ ಬಿದ್ದೆ.

ಆ ಬೇಸಗೆಯಲ್ಲಿ ನಾನು ಎಲ್ಲೂ ನೆಟ್ಟಗೆ ಕೂರಲಿಲ್ಲ. ಮಧ್ಯಾಹ್ನವಾದರೆ ಫೈಲು ಮುಚ್ಚಿ ಸೈಕಲ್ ಹತ್ತಿ ಒಂದು ಮಂಟಪದಿಂದ ಇನ್ನೊಂದಕ್ಕೆ ಸುತ್ತುತ್ತಿದ್ದೆ. ಹಿತ್ತಲಲ್ಲಿ ಗುಂಡಿ, ಗುಂಡಿಯಲ್ಲಿ ಬೆಳ್ಳಗೆ ಅನ್ನ. ಇಷ್ಟು ದಿನ ಆ ಅನ್ನ ಹಾಳಾಗುತ್ತಲೇ ಇರಲಿಲ್ಲ. ಹಾಳು ಮಾಡಿದ್ದು ಹಾಳಾಗದಿರಲೆಂದು ಬಂದ ನನ್ನ ಕಾಗದ. ಮನೆಯಲ್ಲಿ ಸಂಡಿಗೆಯ ಡಬ್ಬ ತಳ ಕಂಡಿತ್ತು. ಓಣಿಯವರು ಅಮ್ಮನನ್ನು ಕೇಳುವುದನ್ನೂ ಬಿಟ್ಟಿದ್ದರು.

ಕೊನೆಗೆ ಸಾಹೇಬರ ಮುಂದೆ ನಿಂತೆ. "ಮೂರನೇ ಷರತ್ತು ತೆಗೀಬೇಕು ಸಾರ್."

"ನೀವೇ ಬರೆದಿದ್ದಲ್ವೇನ್ರೀ?"

"ತಪ್ಪು ಬರೆದೆ ಸಾರ್. ಉಳಿದಿದ್ದನ್ನ ಈಸ್ಕೊಳ್ಳೋಕೆ ಹಿತ್ತಲಲ್ಲಿ ನಿಲ್ಲೋರು ನಮ್ಮಮ್ಮ."

ಅವರು ಲೈಸೆನ್ಸಿನ ಫೈಲು ತೆಗೆದು ನನ್ನ ಕೈಗಿಟ್ಟರು. ಆಮೇಲೆ, "ಸರಿಯಾಗಿ ಬರ್ಕೊಂಡು ಬನ್ನಿ" ಅಂದರು.

ಸರಿಯಾಗಿ ಬರೆದೆ. ಗುಡಿಸುವವರನ್ನೂ ಲೆಕ್ಕಕ್ಕೆ ಹಿಡಿದೇ ಅಡುಗೆ ಮಾಡಿಸಬೇಕು, ಅವರಿಗೆ ಮಂಟಪದ ಒಳಗೇ ಎಲೆ ಹಾಕಿ ಬಡಿಸಬೇಕು, ಆಮೇಲೂ ಉಳಿದದ್ದನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಮುಂಬಾಗಿಲಲ್ಲಿಟ್ಟು ಬೇಕೆಂದವರಿಗೆ ಕೊಡಬೇಕು ಎಂದು. ಮಂಟಪದವರು ಗೊಣಗಿದರು. ಮುಂಬಾಗಿಲಲ್ಲಿ ಸಾಲು ನಿಂತರೆ ಮದುವೆಯ ಅಂದ ಕೆಡುತ್ತದಂತೆ. ಆ ಭಯಕ್ಕೋ ಏನೋ, ಅಡುಗೆಯವರಿಗೆ ಅಳತೆ ಹೇಳತೊಡಗಿದರು. ಕೊಳಗದಲ್ಲಿ ಉಳಿಯುವುದೇ ಕಮ್ಮಿಯಾಯಿತು. ನನ್ನ ಬುದ್ಧಿಗೆ ಹೊಳೆಯದಿದ್ದ ಕೆಲಸ ಅವರ ಜಂಬದಿಂದ ಆಯಿತು.

ಹೊಸ ಷರತ್ತಿನ ಮೊದಲ ಮದುವೆಗೆ ತಪಾಸಣೆಯ ನೆಪ ಮಾಡಿಕೊಂಡು ಹೋದೆ. ಕಡೇ ಪಂಕ್ತಿಯಲ್ಲಿ ಅಮ್ಮ ಕೂತಿದ್ದಳು, ಡಬರಿಯನ್ನು ಅಭ್ಯಾಸಬಲದಿಂದ ಮಡಿಲಲ್ಲೇ ಇಟ್ಟುಕೊಂಡು. ಬಡಿಸುವವನ ಕೈಯಿಂದ ಸೌಟು ತೆಗೆದುಕೊಂಡೆ. ಅಭ್ಯಾಸವಿಲ್ಲದ ಕೈ, ಸಾರು ಎಲೆಯಾಚೆ ಹರಿಯಿತು. ಅವಳು ಬೆರಳಿನಿಂದ ಅನ್ನವನ್ನೇ ಕಟ್ಟೆ ಕಟ್ಟಿ ಸಾರನ್ನು ಒಳಗೆ ತಿರುಗಿಸಿಕೊಂಡಳು. ನಿಧಾನವಾಗಿ ಉಂಡಳು. ನಾನು ಸೌಟು ಹಿಡಿದು ಅಲ್ಲೇ ನಿಂತಿದ್ದೆ, ಬೇರೆಯವರು ಕರೆದರೂ ಹೋಗಲಾಗಲಿಲ್ಲ.

ಊಟ ಮುಗಿಸಿ, ಒಂದಗುಳೂ ಇಲ್ಲದ ಎಲೆಯನ್ನು ನನ್ನ ಕಡೆ ಸ್ವಲ್ಪ ಸರಿಸಿದಳು.

"ನೋಡ್ಕೊಳ್ಳಪ್ಪ" ಅಂದಳು. "ಹೂಳೋಕೆ ಏನೂ ಬಿಟ್ಟಿಲ್ಲ."